ಬೆನ್ನುಹುರಿಯ ‘ಕೋಶ ವೈವಿಧ್ಯ’ ಅಂದರೆ ಏನು?

ಮೊನ್ನೆ ಬದಿಯಡ್ಕದ ಅಕ್ಕನ ಮನೆಗೆ ಹೋಗಿದ್ದೆ. ಪ್ಲಸ್ ಟು ಓದುವ ಅವಳ ಮಗಳು ಕೇಳಿದಳು: “ಮಾವ, ಬೆನ್ನುಹುರಿ ಅಂದರೆ ಒಂದು ನರದ ಹಗ್ಗ ತಾನೇ? ಅದರಲ್ಲಿ ವೈವಿಧ್ಯ ಎಂಥದ್ದು?”

ಜಗಲಿಯಲ್ಲಿ ತೆಂಗಿನ ನಾರಿನ ಹುರಿಯೊಂದು ಬಿದ್ದಿತ್ತು. ತುದಿ ಬಿಚ್ಚಿ ತೋರಿಸಿದೆ. ಹೊರಗಿಂದ ಒಂದೇ ಹಗ್ಗ, ಒಳಗೆ ಎಳೆಯೋ ಎಳೆ. ಆದರೆ ನಾರಿನ ಎಳೆಗಳೆಲ್ಲ ಒಂದೇ ಜಾತಿ, ಬೆನ್ನುಹುರಿಯೊಳಗೆ ಹಾಗಲ್ಲ. ಸ್ನಾಯುಗಳಿಗೆ ಅಪ್ಪಣೆ ಕೊಡುವ ಚಾಲಕ ನರಕೋಶಗಳು ಬೇರೆ, ನೋವು, ಬಿಸಿ, ತುರಿಕೆಯ ಸುದ್ದಿಯನ್ನು ಮುಂದೆ ದಾಟಿಸುವವು ಬೇರೆ, ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವವು ಬೇರೆ, ಇವನ್ನೆಲ್ಲ ಸಾಕಿ ಸಲಹುವ ಗ್ಲಿಯಾ ಕೋಶಗಳು ಮತ್ತೂ ಬೇರೆ. ಇದೇ ಕೋಶ ವೈವಿಧ್ಯ.

ಇಷ್ಟು ಬಗೆ ಬಂದದ್ದು ಎಲ್ಲಿಂದ? ನನಗೆ ತುಂಬಾ ಇಷ್ಟದ ಭಾಗ ಇದು. ಭ್ರೂಣದ ಬೆನ್ನಿನ ಮೇಲಿನ ಹಾಳೆಯಂಥ ಪದರ ಮಡಚಿಕೊಂಡು, ಗರ್ಭ ಕಟ್ಟಿದ ಸುಮಾರು 28ನೇ ದಿನಕ್ಕೆ ಪೂರ್ತಿ ಮುಚ್ಚಿ ಕೊಳವೆಯಾಗುತ್ತದೆ. ಅದು ನರಕೊಳವೆ. (ಬಸಿರಾದದ್ದು ಎಷ್ಟೋ ಹೆಂಗಸರಿಗೆ ಆಗಿನ್ನೂ ಗೊತ್ತೇ ಇರುವುದಿಲ್ಲ, ಅದಕ್ಕೇ ಈ ಕೊಳವೆ ಸರಿಯಾಗಿ ಮುಚ್ಚಲು ನೆರವಾಗುವ ಫೋಲಿಕ್ ಆಸಿಡ್ ಮಾತ್ರೆಯನ್ನು ಮೊದಲೇ ಶುರು ಮಾಡಿ ಅನ್ನುವುದು.) ಶುರುವಿನಲ್ಲಿ ಕೊಳವೆಯ ಕೋಶಗಳೆಲ್ಲ ನೋಡಲು ಒಂದೇ ಥರ. ಹೊಟ್ಟೆಯ ಕಡೆಯಿಂದ ಸಾನಿಕ್ ಹೆಡ್ಜ್‌ಹಾಗ್ ಎಂಬ ಪ್ರೋಟೀನ್ ಹರಡುತ್ತದೆ, ಬೆನ್ನಿನ ಕಡೆಯಿಂದ ಬಿಎಂಪಿ ಮತ್ತು ವಿಂಟ್ ಎಂಬ ಪ್ರೋಟೀನ್‌ಗಳು. ಇವೇ ಕೋಶಗಳಿಗೆ ಸಿಗುವ ಸಂಕೇತ. ಹುಟ್ಟಿದ ಜಾಗದ ಹತ್ತಿರ ದಟ್ಟ, ದೂರ ಹೋದಂತೆ ತೆಳು.

ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರದಲ್ಲಿ ಬಸ್ಸು ಹತ್ತಿ ದಕ್ಷಿಣಕ್ಕೆ ಕಾಞಂಗಾಡಿಗೆ ಹೋಗಿ ನೋಡಿ. ಮೊದಲು ತುಳು, ಕನ್ನಡ ಜಾಸ್ತಿ. ಕುಂಬಳೆ ಕಳೆದಂತೆ ಮಲಯಾಳ ಬೆರೆಯುತ್ತದೆ, ಚಂದ್ರಗಿರಿ ಹೊಳೆ ದಾಟಿದ ಮೇಲೆ ಅದೇ ಮುಂದು. ಕಣ್ಣು ಮುಚ್ಚಿ ಕೂತರೂ ಎಲ್ಲಿದ್ದೇವೆ ಅಂತ ತಿಳಿಯುತ್ತದೆ, ಅಲ್ವಾ? ಕೋಶವೂ ಹಾಗೆಯೇ, ಎರಡೂ ಕಡೆಯ ಸಂಕೇತ ತನಗೆ ಎಷ್ಟು ಮುಟ್ಟಿತು, ಎಷ್ಟು ಹೊತ್ತು ಮುಟ್ಟಿತು ಎನ್ನುವುದರಿಂದ ತನ್ನ ಜಾಗ ಕಂಡುಕೊಳ್ಳುತ್ತದೆ. ಆದರೆ ನಮ್ಮಲ್ಲಿ ಒಂದೇ ಮನೆಯಲ್ಲಿ ಮೂರು ಭಾಷೆ ನಡೆಯುತ್ತದೆ, ಅಲ್ಲಿ ನಡೆಯುವುದಿಲ್ಲ. ಒಂದು ವಲಯದ ಜೀನ್ ಪಕ್ಕದ ವಲಯದ ಜೀನನ್ನು ಅದುಮಿಡುತ್ತದೆ. ಹಾಗೆ ಗಡಿ ಗಟ್ಟಿಯಾಗಿ, ಬೆನ್ನಿನ ಕಡೆ 6, ಹೊಟ್ಟೆಯ ಕಡೆ 5 ವಲಯಗಳು ಮೂಡುತ್ತವೆ. ಒಂದೊಂದು ವಲಯದಿಂದ ಅದರದೇ ಬಗೆಯ ನರಕೋಶಗಳು ಹುಟ್ಟುತ್ತವೆ.

ಜಾಗದಷ್ಟೇ ಕಾಲವೂ ಮುಖ್ಯ. ಚಾಲಕ ನರಕೋಶ ಹುಟ್ಟಿದ ವಲಯದಲ್ಲೇ ಆಮೇಲೆ ನರದ ಎಳೆಗಳಿಗೆ ಮಯಲಿನ್ ಹೊದಿಕೆ ಹಾಕುವ ಕೋಶಗಳ ಮೂಲವೂ ಹುಟ್ಟುತ್ತದೆ. ಇಲಿಗೆ ಹೋಲಿಸಿದರೆ ಮನುಷ್ಯರಲ್ಲಿ ಚಾಲಕ ನರಕೋಶ ತಯಾರಾಗಲು ಸುಮಾರು ಎರಡೂವರೆ ಪಟ್ಟು ಸಮಯ ಬೇಕು.

“ಇದನ್ನು ತಿಳಿದು ಏನು ಮಾಡುವುದು ಮಾವ?” ಅಂದಳು. ಹೆಚ್ಚಾಗಿ ಮಕ್ಕಳ ಸ್ನಾಯುಗಳನ್ನು ಸೊರಗಿಸುವ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎಂಬ ಕಾಯಿಲೆಯಲ್ಲಿ ಮುಖ್ಯವಾಗಿ ಸಾಯುವುದು ಈ ಚಾಲಕ ನರಕೋಶಗಳೇ. ಬದುಕಿರುವ ಮಗುವಿನ ಬೆನ್ನುಹುರಿಯಿಂದ ಅವನ್ನು ಸುಮ್ನೆ ಕಿತ್ತು ನೋಡಲಾಗುವುದಿಲ್ಲ. ಆದ್ದರಿಂದ ಆ ಮಗುವಿನ ಚರ್ಮದ ಕೋಶವನ್ನು ಕಾಂಡಕೋಶವಾಗಿ (ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲಕೋಶವಾಗಿ) ಬದಲಿಸಿ, ಸಾನಿಕ್ ಹೆಡ್ಜ್‌ಹಾಗ್‌ನ ಸಂಕೇತವನ್ನೂ ವಿಟಮಿನ್ ಎ ಇಂದ ಬರುವ ರೆಟಿನೋಯಿಕ್ ಆಮ್ಲವನ್ನೂ ಹದವಾಗಿ ಕೊಡುತ್ತಾರೆ. ಆಗ ಪ್ರಯೋಗಾಲಯದ ತಟ್ಟೆಯಲ್ಲೇ ಚಾಲಕ ನರಕೋಶ ಬೆಳೆಯುತ್ತದೆ, ಆ ಮಗುವಿನ ಕಾಯಿಲೆಯನ್ನು ಅದರಲ್ಲೇ ಪರೀಕ್ಷಿಸಬಹುದು.