ಪದ ಪರಿಚಯ: ಕೇರಿ

ಇಂಗ್ಲಿಷಿನ ‘ಎನ್‌ಕ್ಲೇವ್’ಗೆ ಕನ್ನಡದಲ್ಲಿ ಏನೆನ್ನಬೇಕು ಎಂದು ಗೆಳೆಯರೊಬ್ಬರು ಕೇಳಿದರು. ದೊಡ್ಡ ಊರಿನೊಳಗೆ ತಮ್ಮದೇ ಮಾತು, ದೇವರು, ಅಡುಗೆಯ ರೀತಿ ಉಳಿಸಿಕೊಂಡು ಒಟ್ಟಾಗಿ ನೆಲೆಸಿದವರ ಜಾಗ ಎಂಬ ಅರ್ಥದಲ್ಲಿ ಅವರಿಗೆ ಪದ ಬೇಕಿತ್ತು. ನಿಘಂಟು ತೆರೆಯುವ ಮೊದಲೇ ನಾನು ‘ಕೇರಿ’ ಎಂದೆ. ಕಾರವಾರದಲ್ಲಿ ಕುಳಿತವನಿಗೆ ಬೇರೆ ಪದ ಹುಡುಕುವ ಕಷ್ಟವೇ ಇಲ್ಲ. ಇರುವ ಪದಗಳಲ್ಲಿ ಯಾವುದನ್ನು ಬಿಡಬೇಕು ಎನ್ನುವುದೇ ಕಷ್ಟ.

ಕೇರಿ ಹಳೆಯ ದ್ರಾವಿಡ ಪದ. ತಮಿಳಿನಲ್ಲಿ ಇದು ‘ಚೇರಿ’. ಪುದುಚೇರಿ ಎಂದರೆ ಹೊಸ ನೆಲೆ. ಸಮಾಸದ ಕೊನೆಯಲ್ಲಿ ಬಂದಾಗ ನಮ್ಮ ಕೇರಿ ‘ಗೇರಿ’ಯಾಗುತ್ತದೆ. ಜಾನಪದ ಗಾಯಕಿ ಸುಕ್ರಿ ಬೊಮ್ಮಗೌಡರ ಊರಾದ ಅಂಕೋಲೆಯ ಬಡಗೇರಿಯಲ್ಲಿ ಕೇಳಿಸುವುದು ಆ ‘ಗೇರಿ’. ಘಟ್ಟದ ಮೇಲೆ, ಶಿರಸಿ ಕಡೆಯ ತೋಟದ ಊರುಗಳಲ್ಲಿ ಹತ್ತು ಮನೆಗಳಿದ್ದರೂ ಮೇಲಿನಕೇರಿ, ಕೆಳಗಿನಕೇರಿ ಎಂದು ಬೇರೆ ಮಾಡಿ ಹೇಳುತ್ತಾರೆ. ಅಲ್ಲಿ ಈ ಪದಕ್ಕೆ ನೆರೆಹೊರೆ ಎಂಬುದಕ್ಕಿಂತ ಹೆಚ್ಚಿನ ಭಾರವಿಲ್ಲ.

ಆದರೆ ‘ಊರು, ಕೇರಿ’ ಎಂದು ಎದುರುಬದುರು ಇಟ್ಟ ಕೂಡಲೇ ಅರ್ಥ ಬದಲಾಗುತ್ತದೆ. ಆಗ ಊರು ಮೇಲ್ಜಾತಿಯವರದು, ಕೇರಿ ಊರಿನ ಹೊರಗೆ ಇರಿಸಲ್ಪಟ್ಟ ದಲಿತರದು. ತಮಿಳಿನ ಚೇರಿಗೂ ಇದೇ ಗತಿ ಬಂದಿದೆ. ‘ಊರಿದ್ದಲ್ಲಿ ಹೊಲಗೇರಿ’ ಎಂಬ ಗಾದೆಯನ್ನು ಇಂದಿಗೂ ಸಲೀಸಾಗಿ ಆಡುವವರಿದ್ದಾರೆ. ಆ ಕೇರಿಯನ್ನು ಅಲ್ಲಿ ಇರಿಸಿದವರು ಯಾರು ಎಂಬ ಪ್ರಶ್ನೆಯನ್ನು ಗಾದೆ ಜಾಣತನದಿಂದ ನುಂಗಿಕೊಂಡಿದೆ. 1516ರಲ್ಲಿ ವೆನಿಸ್ ನಗರ ಯಹೂದಿಯರನ್ನು ಒಂದೆಡೆ ಕೂಡಿಹಾಕಿ ರಾತ್ರಿ ಬಾಗಿಲು ಹಾಕತೊಡಗಿತು. ‘ಗೆಟ್ಟೊ’ ಎಂಬ ಪದ ಬಂದದ್ದು ಅಲ್ಲಿಂದ. ನಮ್ಮ ಕೇರಿಗಳಿಗೆ ಬಾಗಿಲು ಬೇಕಾಗಲಿಲ್ಲ, ಅಷ್ಟೇ.

ಕರಾವಳಿಯ ಉತ್ತರ ತುದಿಗೆ ಬಂದರೆ ‘ವಾಡಾ’ ಸಿಗುತ್ತದೆ. ಇದು ಕೊಂಕಣಿ, ಮರಾಠಿಗಳ ಪದ. ಮೂಲ ಸಂಸ್ಕೃತದ ‘ವಾಟ’, ಅಂದರೆ ಬೇಲಿ ಹಾಕಿದ ಆವರಣ. ಬೇಲಿ ಪದದೊಳಗೇ ಇದೆ. ಕಾರವಾರದ ಹಬ್ಬುವಾಡಾ ತನ್ನ ಹೆಸರಿನಲ್ಲಿ ಹಬ್ಬು ಸಮುದಾಯವನ್ನು ಇಟ್ಟುಕೊಂಡಿದೆ, ಆದರೆ ಇಂದು ಅಲ್ಲಿ ಮನೆ ಮಾಡಿರುವವರು ಎಲ್ಲರೂ. ಯಲ್ಲಾಪುರ, ಮುಂಡಗೋಡದ ಕಾಡಂಚಿನಲ್ಲಿ ಎಮ್ಮೆ ಸಾಕುವ ಗೌಳಿಗರ ಗೌಳಿವಾಡಾಗಳಲ್ಲಿ ಮಾತ್ರ ಹೆಸರೂ ಜನರೂ ಇನ್ನೂ ಹೊಂದಿಕೊಂಡೇ ಇದ್ದಾರೆ, ಎಮ್ಮೆಗಳ ಸಮೇತ.

ನನಗೆ ಹೆಚ್ಚು ಇಷ್ಟವಾಗುವ ಪದ ‘ಕೊಪ್ಪ’. ಉತ್ತರ ಕನ್ನಡದ ಬುಡಕಟ್ಟಾದ ಹಾಲಕ್ಕಿ ಒಕ್ಕಲಿಗರ ನೆಲೆಗೆ ಆ ಹೆಸರು. ಕೊಪ್ಪಕ್ಕೊಬ್ಬ ಗೌಡ, ಅವನಿಗೆ ನೆರವಾಗುವ ಬುದವಂತ, ಸುದ್ದಿ ಮುಟ್ಟಿಸುವ ಕೋಲಕಾರ. ಹಲವು ಕೊಪ್ಪಗಳು ಸೇರಿ ಒಂದು ಸೀಮೆ. ಬೇಲಿಗಿಂತ ಇಲ್ಲಿ ವ್ಯವಸ್ಥೆ ಮುಖ್ಯ: ಜಗಳ, ಮದುವೆ, ಹಬ್ಬ ಎಲ್ಲವೂ ಒಳಗೇ ತೀರ್ಮಾನವಾಗುತ್ತಿದ್ದವು. ಕೊಪ್ಪ ಎಂಬುದು ಒಳಗಿನವರೇ ತಮಗೆ ಇಟ್ಟುಕೊಂಡ ಹೆಸರಿನಂತೆ ನನಗೆ ಕೇಳಿಸುತ್ತದೆ.

ಸಿದ್ದಿಯರಿಗೆ ಇಂಥ ತಮ್ಮದೇ ಪದವೊಂದು ದಕ್ಕಿದ್ದನ್ನು ನಾನು ಕೇಳಿಲ್ಲ. ಆಫ್ರಿಕಾ ಮೂಲದ ಇವರು ಹಳಿಯಾಳ, ಯಲ್ಲಾಪುರಗಳ ಕಾಡಿನಲ್ಲಿ ಚದುರಿ ಬದುಕಿದವರು.

ಸರ್ಕಾರ ಹೆಸರಿಡಲು ಹೊರಟಾಗ ಪದಗಳು ಒಣಗುತ್ತವೆ. ಕಾರವಾರದ ಸೀಬರ್ಡ್ ನೌಕಾನೆಲೆಗಾಗಿ ಕಡಲಂಚಿನ ಊರು ಬಿಟ್ಟವರ ಪಾಲಿಗೆ ಬಂದದ್ದು ‘ನಿರಾಶ್ರಿತರ ಕಾಲೊನಿ’. ತೋಡೂರಿನಲ್ಲಿ ಅಂಥದ್ದೊಂದಿದೆ. ಮನೆ, ಜಮೀನು ಇದ್ದವರನ್ನು ಎಬ್ಬಿಸಿ ಬೇರೆಡೆ ಕೂರಿಸಿ ನಿರಾಶ್ರಿತರು ಎಂದು ಕರೆಯುವುದು ನನಗಂತೂ ಸರಿ ಕಾಣುವುದಿಲ್ಲ. ಮುಂಡಗೋಡದಲ್ಲಿ 1966ರಲ್ಲಿ ಟಿಬೆಟನ್ನರು ಬಂದು ನೆಲೆಸಿದರು. ಟಿಬೆಟಿನಲ್ಲಿದ್ದ ಗಾದೆನ್, ದ್ರೆಪುಂಗ್ ಬೌದ್ಧ ಮಹಾವಿಹಾರಗಳು ಅಲ್ಲೇ ಮತ್ತೆ ಎದ್ದವು. ಅವರ ಒಂದೊಂದು ವಸತಿಗೂ ಒಂದು ಸಂಖ್ಯೆ, ಹಿಂದೆ ‘ಕ್ಯಾಂಪ್’ ಎಂಬ ಪದ. ಕ್ಯಾಂಪ್ ಎಂದರೆ ನಾಲ್ಕು ದಿನದ ಬಿಡಾರ. ಆ ವರ್ಷ ಅಲ್ಲಿ ಹುಟ್ಟಿದ ಮಗು ಇಂದು ಅಜ್ಜನಾಗುವ ವಯಸ್ಸಿನಲ್ಲಿದೆ, ವಿಳಾಸದಲ್ಲಿ ಇನ್ನೂ ಕ್ಯಾಂಪ್ ಎಂದೇ ಇದೆ.