ಕೋರಾ ನುಡಿಸುತ್ತಿರುವುದು ನಿಜವಾಗಲೂ ಒಬ್ಬರೇನಾ?

ಪ್ರಶ್ನೆ: ಪಶ್ಚಿಮ ಆಫ್ರಿಕಾದ ತುಮಾನಿ ದಿಯಾಬಾತೆ ಅವರ ಕೋರಾ ವಾದನ ಕೇಳಿದೆ. ಕೆಳಗೆ ಮಂದ್ರದ ತಂತಿ ತನ್ನ ಪಾಡಿಗೆ ನಡೆಯುತ್ತಿರುತ್ತದೆ. ನಡುವೆ ಇನ್ಯಾರೋ ಜೊತೆ ಕೊಡುತ್ತಿರುವ ಹಾಗಿರುತ್ತದೆ. ಮೇಲೆ ರಾಗ ಬೇರೆಯೇ ಹರಿಯುತ್ತದೆ. ಇದು ಒಬ್ಬರೇ ನುಡಿಸಿದ್ದಾ, ಇಲ್ಲಾ ಸ್ಟುಡಿಯೋದಲ್ಲಿ ಜೋಡಿಸಿದ್ದಾ?

ಉತ್ತರ: ಒಬ್ಬರೇ. ಎರಡು ಕೈ, ಅದರಲ್ಲೂ ಮೀಟುವುದು ನಾಲ್ಕೇ ಬೆರಳು. ಕೋರಾವನ್ನು ಮೊದಲ ಸಲ ಕೇಳಿದವರಲ್ಲಿ ತುಂಬಾ ಜನ ಇದನ್ನೇ ಕೇಳುತ್ತಾರೆ. ಅದು ಹೇಗೆ ಸಾಧ್ಯ ಅನ್ನುವುದರ ಅರ್ಧ ಉತ್ತರ ವಾದ್ಯದಲ್ಲಿದೆ. ಉಳಿದರ್ಧ ತುಮಾನಿ ಅವರ ಬದುಕಿನಲ್ಲಿದೆ.

ಮೊದಲು ವಾದ್ಯ ನೋಡೋಣ. ದೊಡ್ಡ ಸೋರೆಬುರುಡೆಯನ್ನು ಅರ್ಧಕ್ಕೆ ಸೀಳಿ, ಅದರ ಬಾಯಿಗೆ ದನದ ಚರ್ಮ ಬಿಗಿಯುತ್ತಾರೆ. ಬುರುಡೆಯ ಮೂಲಕ ಉದ್ದನೆಯ ಮರದ ದಂಡ ಹಾದುಹೋಗುತ್ತದೆ. ಚರ್ಮದ ಮೇಲೆ ಎತ್ತರದ ಕುದುರೆ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ತುಂಡು, ನೆಟ್ಟಗೆ ನಿಲ್ಲುತ್ತದೆ. ನಮ್ಮ ವೀಣೆಯಲ್ಲಿ ಕುದುರೆಯ ನೆತ್ತಿಯ ಮೇಲೆ ತಂತಿಗಳು ಅಕ್ಕಪಕ್ಕ ಮಲಗಿರುತ್ತವೆ. ಕೋರಾದಲ್ಲಿ ಹಾಗಲ್ಲ. ಕುದುರೆಯ ಎಡಬದಿ ಬಲಬದಿ ಎರಡರಲ್ಲೂ ಕಚ್ಚುಗಳಿವೆ. ಎಡಕ್ಕೆ 11, ಬಲಕ್ಕೆ 10, ಒಟ್ಟು 21 ತಂತಿಗಳು ಒಂದರ ಮೇಲೊಂದು ಎರಡು ಸಾಲಾಗಿ ನಿಲ್ಲುತ್ತವೆ. ಹಿಂದೆ ಚರ್ಮದ ಎಳೆಗಳನ್ನು ಹೊಸೆದು ತಂತಿ ಮಾಡುತ್ತಿದ್ದರು. ಈಗ ಮೀನು ಹಿಡಿಯುವ ನೈಲಾನ್ ದಾರವೇ ಜಾಸ್ತಿ. ಶ್ರುತಿ ಮಾಡಲು ದಂಡಕ್ಕೆ ಸುತ್ತಿದ ಚರ್ಮದ ಉಂಗುರಗಳನ್ನು ಮೇಲೆ ಕೆಳಗೆ ಸರಿಸಬೇಕು. ಹೊಸ ಕೋರಾಗಳಿಗೆ ಗಿಟಾರಿನ ಬಿರಡೆಗಳೂ ಬಂದಿವೆ.

ವಾದಕರು ಬುರುಡೆಯನ್ನು ಎದುರಿಗೆ ಇಟ್ಟುಕೊಂಡು, ತಂತಿಗಳು ತಮ್ಮ ಕಡೆಗೆ ಬರುವಂತೆ ಕೂರುತ್ತಾರೆ. ಎರಡು ಪಕ್ಕದಲ್ಲೂ ಹಿಡಿಕೆಯ ಕೋಲುಗಳಿವೆ. ಮೂರು ಮೂರು ಬೆರಳು ಆ ಕೋಲು ಹಿಡಿಯಲು ಹೋದರೆ, ಮೀಟಲು ಉಳಿಯುವುದು ಎರಡು ಹೆಬ್ಬೆರಳು, ಎರಡು ತೋರುಬೆರಳು. ಎಡ ಹೆಬ್ಬೆರಳು ಮಂದ್ರ ನೋಡಿಕೊಳ್ಳುತ್ತದೆ. ಬಲ ಹೆಬ್ಬೆರಳು ಜೊತೆಯ ನಡೆ ಹಿಡಿಯುತ್ತದೆ. ತೋರುಬೆರಳುಗಳು ರಾಗ ಬೆಳೆಸುತ್ತವೆ. ನಿಮಗೆ ಕೇಳಿಸಿದ ಮೂವರು ಇವರೇ.

ಇಲ್ಲಿ ಇನ್ನೊಂದು ಅನುಕೂಲ ಇದೆ. ವೀಣೆಗೆ ಇರುವಂಥ ಮೆಟ್ಟಿಲುಗಳು ಕೋರಾಕ್ಕಿಲ್ಲ. ಒಂದು ತಂತಿಗೆ ಒಂದೇ ಸ್ವರ. ಸಪ್ತಕದ ಸ್ವರಗಳು ಹೆಚ್ಚಾಗಿ ಒಂದು ಎಡಕ್ಕೆ, ಮುಂದಿನದು ಬಲಕ್ಕೆ ಅಂತ ಹಂಚಿಕೊಂಡಿವೆ. ಹಾಗಾಗಿ ವೇಗವಾಗಿ ಇಳಿಯುವಾಗ ಎರಡೂ ಕೈ ಸರದಿಯಂತೆ ಮೀಟುತ್ತವೆ. ಒಂದು ಕೈ ಮೀಟಿದ ತಂತಿ ಇನ್ನೂ ಗುಂಯ್‌ಗುಡುತ್ತಿರುವಾಗಲೇ ಇನ್ನೊಂದು ಮುಂದಿನ ಸ್ವರಕ್ಕೆ ಹೋಗಿರುತ್ತದೆ. ಪಶ್ಚಿಮ ಆಫ್ರಿಕಾದ ಮಂಡಿಂಕಾ ಜನಾಂಗದ ವಾದಕರು ಮತ್ತೆ ಮತ್ತೆ ಬರುವ ಆಧಾರದ ನಡೆಗೆ ಕುಂಬೆಂಗೊ ಅನ್ನುತ್ತಾರೆ. ಅದರ ಮಧ್ಯೆ ಧುಮುಕುವ ಓಟಕ್ಕೆ ಬಿರಿಮಿಂಟಿಂಗೊ. ಒಳ್ಳೆಯ ವಾದಕರ ಕೈಯಲ್ಲಿ ಓಟ ಎಷ್ಟೇ ದೂರ ಹೋದರೂ ಕುಂಬೆಂಗೊ ನಿಂತುಹೋಯಿತು ಅಂತ ಕಿವಿಗೆ ಅನ್ನಿಸುವುದೇ ಇಲ್ಲ.

ಹಾಗಂತ ಕೋರಾ ಹುಟ್ಟಿದ್ದು ಒಂಟಿಯಾಗಿ ಕಛೇರಿ ಕೊಡಲು ಅಲ್ಲ. ಮಂಡಿಂಕಾದವರೂ ಸೇರಿರುವ ಮಂಡೆ ಜನರಲ್ಲಿ ಜೆಲಿ ಅನ್ನುವ ಕುಲವಿದೆ. ಹೊರಗಿನವರು ಗ್ರಿಯೋ ಅನ್ನುತ್ತಾರೆ. ರಾಜಮನೆತನಗಳ ವಂಶಾವಳಿ, ಯುದ್ಧದ ಕಥೆ, ಮನೆತನಗಳ ಹಿರಿಮೆ ಎಲ್ಲವನ್ನೂ ಬಾಯಲ್ಲಿ ಇಟ್ಟುಕೊಂಡವರು ಇವರು. ಜಗಳ ಆದರೆ ರಾಜಿ ಮಾಡಿಸುವವರೂ ಇವರೇ. ಮದುವೆಗೆ, ನಾಮಕರಣಕ್ಕೆ ಇವರಿಲ್ಲದೆ ನಡೆಯುವುದಿಲ್ಲ. 13ನೇ ಶತಮಾನದಲ್ಲಿ ಮಾಲಿ ಸಾಮ್ರಾಜ್ಯ ಕಟ್ಟಿದ ಸುಂಜಾಟಾ ಕೇಯ್ಟಾನ ಕಥೆ ಇಂದಿಗೂ ಉಳಿದಿದ್ದು ಇವರ ಬಾಯಲ್ಲಿ. ಈ ಕೆಲಸದಲ್ಲಿ ಮಾತು, ಹಾಡು ಮುಂದೆ. ವಾದ್ಯ ಅದಕ್ಕೆ ಜೊತೆ. ತಂತಿ ಒಂದೇ ನಿಂತು ಮಾತಾಡಬೇಕು ಅನ್ನುವುದು ತೀರಾ ಈಚಿನ ಬೇಡಿಕೆ.

ತುಮಾನಿ 1965ರ ಆಗಸ್ಟ್ 10ರಂದು ಮಾಲಿಯ ರಾಜಧಾನಿ ಬಮಾಕೋದಲ್ಲಿ ಇಂಥ ಮನೆಯಲ್ಲೇ ಹುಟ್ಟಿದರು. ತಮ್ಮ ಮನೆತನದಲ್ಲಿ ಈ ಕಲೆ 71 ತಲೆಮಾರುಗಳಿಂದ ತಂದೆಯಿಂದ ಮಗನಿಗೆ ಬಂದಿದೆ ಅಂತ ಹೇಳುತ್ತಿದ್ದರು. ಇದನ್ನು ಜೆಲಿ ಕುಲದ ಲೆಕ್ಕ ಅಂತ ಓದಿಕೊಳ್ಳುವುದು ಸರಿ ಅನ್ನಿಸುತ್ತದೆ. ಕೋರಾ ಅಷ್ಟು ಹಳೆಯದಲ್ಲ. ಸ್ಕಾಟ್ಲೆಂಡಿನ ಪ್ರವಾಸಿ ಮುಂಗೋ ಪಾರ್ಕ್ 1799ರ ತನ್ನ ಪುಸ್ತಕದಲ್ಲಿ ಇದನ್ನೇ ಹೋಲುವ 18 ತಂತಿಯ ವಾದ್ಯವನ್ನು ಹೆಸರಿಸಿದ್ದಾನೆ.

ತಂದೆ ಸಿದಿಕಿ ದಿಯಾಬಾತೆ ಗ್ಯಾಂಬಿಯಾದಲ್ಲಿ ಹುಟ್ಟಿ ಮಾಲಿಗೆ ಬಂದು ನೆಲೆಸಿದವರು. ಆ ಕಾಲದ ಕೋರಾದ ದೊರೆ ಅನ್ನಿಸಿಕೊಂಡಿದ್ದರು. ತಾಯಿ ಗಾಯಕಿ. ಎಳವೆಯಲ್ಲೇ ಪೋಲಿಯೋ ಬಂದು ತುಮಾನಿ ಅವರ ಒಂದು ಕಾಲು ಸೋತಿತು. ಊರುಗೋಲು ಜೊತೆಗೇ ಉಳಿಯಿತು. ಆದರೆ ತಂದೆ ಮಗನನ್ನು ಕೂರಿಸಿಕೊಂಡು ಪಾಠ ಹೇಳಿದ್ದು ಅಂತ ಇಲ್ಲವಂತೆ. ಮನೆಯಲ್ಲಿ ದಿನವೂ ಕೇಳುವ ಕೋರಾವೇ ಗುರು. ಐದನೇ ವಯಸ್ಸಿನಲ್ಲಿ ಕೈಗೆ ತೆಗೆದುಕೊಂಡ ಹುಡುಗ 13ಕ್ಕೆ ವೇದಿಕೆ ಹತ್ತಿದ್ದ. ರೇಡಿಯೋದಲ್ಲಿ ಬರುತ್ತಿದ್ದ ಅಮೆರಿಕದ ಸೋಲ್, ರಾಕ್ ಸಂಗೀತವೂ ಅವನ ಕಿವಿಗೆ ಬಿದ್ದಿತ್ತು. ಮುಂದೆ 1984ರಲ್ಲಿ ಹೆಸರಾಂತ ಗಾಯಕಿ ಕಾಂಡಿಯಾ ಕುಯಾಟೆ ಅವರ ತಂಡ ಸೇರಿದರು. ಅಲ್ಲೂ ಕೋರಾ ಜೊತೆವಾದ್ಯವೇ.

ನಿಮ್ಮ ಪ್ರಶ್ನೆಗೆ ನೇರ ಸಂಬಂಧಪಟ್ಟದ್ದು 1987. ಆ ವರ್ಷ ತುಮಾನಿ ಲಂಡನ್‌ನಲ್ಲಿದ್ದರು. ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸು. ಸಂಗೀತ ಸಂಶೋಧಕಿ ಲೂಸಿ ದುರಾನ್ ಜೊತೆಗಿದ್ದು ನೆರವಾದರು. ಅಲ್ಲಿ ‘ಕೈರಾ’ ಆಲ್ಬಮ್ ರೆಕಾರ್ಡ್ ಆಯಿತು. ಐದು ರಚನೆಗಳು, ಒಂದು ಕೋರಾ, ಒಬ್ಬ ವಾದಕ. ಹಾಡಿಲ್ಲ. ಮೇಲಿಂದ ಇನ್ನೊಂದು ಪದರ ಸೇರಿಸಿದ್ದೂ ಇಲ್ಲ. 1988ರಲ್ಲಿ ಅದು ಹೊರಬಂತು. ಕೋರಾ ಒಂದನ್ನೇ ಇಟ್ಟುಕೊಂಡು ಒಬ್ಬ ಜೆಲಿ ಇಡೀ ಆಲ್ಬಮ್ ಮಾಡಬಹುದು, ಅದನ್ನು ಭಾಷೆ ಬಾರದವರೂ ಕೂತು ಕೇಳುತ್ತಾರೆ ಅಂತ ಜಗತ್ತಿಗೆ ತೋರಿಸಿಕೊಟ್ಟಿದ್ದು ಇದೇ. ನನ್ನ ಮಟ್ಟಿಗೆ ತುಮಾನಿ ಅವರ ದೊಡ್ಡ ಕೆಲಸ ಇದು. ಪ್ರಶಸ್ತಿಗಳೆಲ್ಲ ಆಮೇಲೆ.

ಅದೇ ಹೊತ್ತಿಗೆ ಅವರು ಸುಮ್ನೆ ಒಂಟಿಯಾಗಿ ಕೂರಲಿಲ್ಲ. ಸ್ಪೇನಿನ ಫ್ಲಮೆಂಕೊ ತಂಡ ಕೆಟಾಮಾ ಜೊತೆ ‘ಸೊಂಘಾಯ್’ ಮಾಡಿದರು. 1999ರಲ್ಲಿ ಅಮೆರಿಕದ ಬ್ಲೂಸ್ ಗಾಯಕ ತಾಜ್ ಮಹಲ್ ಜೊತೆ ‘ಕುಲಾಂಜನ್’ ಬಂತು. ಬಮಾಕೋದಲ್ಲಿ ‘ಸಿಮೆಟ್ರಿಕ್ ಆರ್ಕೆಸ್ಟ್ರಾ’ ಕಟ್ಟಿ, ಹಳೆಯ ಮಾಲಿ ಸಾಮ್ರಾಜ್ಯ ಹರಡಿದ್ದ ದೇಶಗಳ ಕಲಾವಿದರನ್ನು ಒಟ್ಟಿಗೆ ತಂದರು.

ಆದರೆ ಕೆಲವು ಆಲ್ಬಮ್‌ಗಳಲ್ಲಿ ಒಬ್ಬರಲ್ಲ ಅನ್ನುವ ನಿಮ್ಮ ಅನುಮಾನ ನಿಜ. ‘ನ್ಯೂ ಏನ್ಶೆಂಟ್ ಸ್ಟ್ರಿಂಗ್ಸ್’ ಕೇಳಿದ್ದರೆ ಅಲ್ಲಿ ಎರಡು ಕೋರಾ ಇವೆ. ಇನ್ನೊಂದನ್ನು ನುಡಿಸಿದವರು ಪಕ್ಕದ ಮನೆಯಲ್ಲೇ ಬೆಳೆದ ಬಲ್ಲಾಕೆ ಸಿಸ್ಸೊಕೊ. 1970ರ ಆಸುಪಾಸಿನಲ್ಲಿ ಇಬ್ಬರ ತಂದೆಯರೂ ಸೇರಿ ನುಡಿಸಿದ ಕೋರಾ ವಾದನದ ಆಲ್ಬಮ್ ಒಂದು ಬಂದಿತ್ತು. ಮಕ್ಕಳು ಅದಕ್ಕೆ ನಮಸ್ಕಾರ ಹೇಳುವಂತೆ, 1997ರ ಸೆಪ್ಟೆಂಬರ್ 22ರ ರಾತ್ರಿ, ಮಾಲಿಯ ಸ್ವಾತಂತ್ರ್ಯ ದಿನದಂದೇ, ಬಮಾಕೋದ ಒಂದು ಅಮೃತಶಿಲೆಯ ಹಾಲಿನಲ್ಲಿ ಕೂತು ಇದನ್ನು ನುಡಿಸಿದರು. ಯಾವ ತಂತಿ ಯಾರದ್ದು ಅಂತ ಬಿಡಿಸುವುದು ಇಲ್ಲಿ ಕಷ್ಟ.

ಗಿಟಾರ್ ಕೇಳಿಸಿದರೆ ಅದು ಹೆಚ್ಚಾಗಿ ಅಲಿ ಫರ್ಕಾ ತುರೆ. ಇವರು ಉತ್ತರ ಮಾಲಿಯವರು, ಜೆಲಿ ಕುಲದವರಲ್ಲ. ಬಮಾಕೋದ ಹೋಟೆಲ್ ಮಂಡೆಯಲ್ಲಿ, ತಾಲೀಮಿಲ್ಲದೆ, ಇಬ್ಬರೂ ‘ಇನ್ ದ ಹಾರ್ಟ್ ಆಫ್ ದ ಮೂನ್’ ನುಡಿಸಿದರು. 2006ರಲ್ಲಿ ಅದಕ್ಕೆ ಗ್ರ್ಯಾಮಿ ಬಂತು. ಮರು ತಿಂಗಳೇ ಅಲಿ ತೀರಿಕೊಂಡರು. 2005ರಲ್ಲಿ, ಅಲಿ ಕಾಯಿಲೆಯಲ್ಲಿದ್ದಾಗ ಲಂಡನ್‌ನಲ್ಲಿ ರೆಕಾರ್ಡ್ ಮಾಡಿದ್ದ ‘ಅಲಿ ಆ್ಯಂಡ್ ತುಮಾನಿ’ 2010ರಲ್ಲಿ ಬಿಡುಗಡೆಯಾಗಿ, ಅದಕ್ಕೂ ಗ್ರ್ಯಾಮಿ ಸಿಕ್ಕಿತು.

ತುಮಾನಿ ಬಮಾಕೋದ ಕಲಾಶಾಲೆಯಲ್ಲಿ ಕೋರಾ ಕಲಿಸಿದರು. ಮಗ ಸಿದಿಕಿಗೆ ತಾತನ ಹೆಸರೇ ಇಟ್ಟಿದ್ದರು. ಆತ ಮಾಲಿಯಲ್ಲಿ ಪಾಪ್ ತಾರೆಯೂ ಹೌದು, ಕೋರಾ ವಾದಕನೂ ಹೌದು. 2014ರಲ್ಲಿ ಬಂದ ‘ತುಮಾನಿ ಆ್ಯಂಡ್ ಸಿದಿಕಿ’ಯಲ್ಲಿ ಅಪ್ಪ ಮಗ ಇಬ್ಬರೇ. ಅದರಲ್ಲಿ ಇಟಲಿಯ ದ್ವೀಪವೊಂದರ ಹೆಸರಿನ ‘ಲಾಂಪೆದೂಸಾ’ ಅನ್ನುವ ರಚನೆ ಇದೆ. ಯುರೋಪಿಗೆ ಹೊರಟು ಸಮುದ್ರದಲ್ಲಿ ಮುಳುಗಿ ಸತ್ತ ವಲಸಿಗರ ನೆನಪಿನದು. 2024ರ ಜುಲೈ 19ರಂದು ತುಮಾನಿ ಬಮಾಕೋದಲ್ಲಿ ತೀರಿಕೊಂಡರು. 58 ಏನೂ ಹೋಗುವ ವಯಸ್ಸಲ್ಲ, ಅಲ್ವಾ?

ಮೂರು ದನಿಗಳನ್ನು ನಿಮ್ಮ ಕಿವಿಯೇ ಬಿಡಿಸಿಕೊಳ್ಳಬೇಕು ಅಂದರೆ ‘ಕೈರಾ’ದ ‘ಜರಾಬಿ’ಯಿಂದ ಶುರು ಮಾಡಿ. ಒಂದು ಸಲ ಪೂರ್ತಿ ಮಂದ್ರದ ಬೆನ್ನು ಹಿಡಿಯಿರಿ, ರಾಗ ಎಷ್ಟೇ ಕರೆದರೂ ಆ ಕಡೆ ಹೋಗಬೇಡಿ. ಎರಡನೇ ಸಲ ನಡುವಿನ ನಡೆ. ಆಮೇಲೆ ರಾಗ. ಆಮೇಲೆ 2008ರ ‘ದ ಮಂಡೆ ವೇರಿಯೇಷನ್ಸ್’ಗೆ ಬನ್ನಿ. ಅದರಲ್ಲೂ ತುಮಾನಿ ಒಬ್ಬರೇ. ಎರಡರ ನಡುವೆ ಇಪ್ಪತ್ತು ವರ್ಷ. ಓಟ ಕಡಿಮೆಯಾಗಿ, ಸ್ವರಕ್ಕೂ ಸ್ವರಕ್ಕೂ ನಡುವೆ ಬಿಟ್ಟ ಜಾಗ ಜಾಸ್ತಿಯಾಗಿರುವುದು ನಿಮಗೇ ಗೊತ್ತಾಗುತ್ತದೆ.