ಕೆಂಪು ಔಷಧಿಯ ಲೆಕ್ಕ: ಕೀಮೋ ಮತ್ತು ಹೃದಯ

ಕೀಮೋ ವಾರ್ಡಿನಲ್ಲಿ ಕೆಂಪು ಔಷಧಿ ತುಂಬಿದ ಸಿರಿಂಜ್ ನೋಡಿರುತ್ತೀರಿ. ಅದು ಡಾಕ್ಸೊರುಬಿಸಿನ್. ಸ್ತನ ಕ್ಯಾನ್ಸರ್, ಲಿಂಫೋಮಾ (ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್) ಎರಡಕ್ಕೂ ಕೊಡುತ್ತಾರೆ. ಕೊಟ್ಟ ಮೇಲೆ ಒಂದೆರಡು ದಿನ ಮೂತ್ರ ಕೆಂಪಾಗಿ ಬರಬಹುದು. ರಕ್ತ ಅಂದುಕೊಂಡು ಮನೆಯವರು ಗಾಬರಿ ಬೀಳುತ್ತಾರೆ, ಮೊದಲೇ ಹೇಳಿಬಿಡಿ. ಮೂತ್ರದ ಬಣ್ಣ ತಾನಾಗಿಯೇ ಹೋಗುತ್ತದೆ. ಹೃದಯದ ಲೆಕ್ಕ ಮಾತ್ರ ಜೀವನಪೂರ್ತಿ ಉಳಿಯುತ್ತದೆ.

ಕಾರಣ ಸರಳ. ಹೃದಯದ ಸ್ನಾಯುಕೋಶ ಸತ್ತರೆ ಆ ಜಾಗಕ್ಕೆ ಹೊಸದು ಹುಟ್ಟುವುದು ತೀರಾ ಕಡಿಮೆ. ಹಾಗಾಗಿ ಪ್ರತಿ ಡೋಸಿನ ಪೆಟ್ಟು ಹಿಂದಿನದಕ್ಕೆ ಕೂಡುತ್ತಾ ಹೋಗುತ್ತದೆ. 2003ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಅಂದಾಜು ಹೀಗಿದೆ: ದೇಹದ ಮೇಲ್ಮೈಯ ಪ್ರತಿ ಚದರ ಮೀಟರ್‌ಗೆ ಒಟ್ಟು 400 ಮಿ.ಗ್ರಾಂ. ಆದಾಗ ಸುಮಾರು 5% ಜನರಲ್ಲಿ ಹೃದಯ ವೈಫಲ್ಯ, 550ಕ್ಕೆ ಸುಮಾರು 26%, 700ಕ್ಕೆ 48%. ಏರಿಕೆ ಎಷ್ಟು ಕಡಿದಾಗಿದೆ ನೋಡಿ.

ನಾವು ಜಾಸ್ತಿ ಎಡವುವುದು ಇಲ್ಲೇ. ಒಬ್ಬ ಮಹಿಳೆಯ ದೇಹದ ಮೇಲ್ಮೈ ವಿಸ್ತೀರ್ಣ 1.5 ಚದರ ಮೀಟರ್ ಅಂತಿಟ್ಟುಕೊಳ್ಳಿ. ಡೋಸ್ ಚದರ ಮೀಟರ್‌ಗೆ 60, ಅಂದರೆ ಪ್ರತಿ ಸಲ 90 ಮಿ.ಗ್ರಾಂ. ನಾಲ್ಕು ಸಲಕ್ಕೆ 360 ಮಿ.ಗ್ರಾಂ. ಒಳಗೆ ಹೋಯಿತು. ಆದರೆ ಲೆಕ್ಕದ ಪುಟದಲ್ಲಿ ಬರೆಯಬೇಕಾದದ್ದು 60ರ ನಾಲ್ಕು ಪಟ್ಟು, 240. ಮಗುವಿನಲ್ಲಿ ಇದೇ ತಪ್ಪು ಉಲ್ಟಾ ಹೊಡೆಯುತ್ತದೆ. 0.7 ಚದರ ಮೀಟರಿನ ಮಗುವಿಗೆ 168 ಮಿ.ಗ್ರಾಂ. ಹೋಗಿದ್ದರೆ ಪರವಾಗಿಲ್ಲ ಅನ್ನಿಸುತ್ತದೆ. ನಿಜವಾದ ಲೆಕ್ಕ ಅಲ್ಲೂ 240! ಚಿಕ್ಕವಯಸ್ಸಿನಲ್ಲಿ ಚಿಕಿತ್ಸೆ ಪಡೆದವರಲ್ಲಿ 250 ದಾಟಿದರೇ ಹೆಚ್ಚು ಅಪಾಯದ ಗುಂಪು ಅಂತ ಎಣಿಸುತ್ತಾರೆ.

ಹತ್ತು ವರ್ಷದ ನಂತರ ಕಾಯಿಲೆ ಮರಳಿದರೂ ಹಳೆಯ ಲೆಕ್ಕ ಬೇಕು. ಅದಕ್ಕೇ ಡಿಸ್ಚಾರ್ಜ್ ಚೀಟಿ ಎಸೆಯಬೇಡಿ ಅಂತ ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಇದೇ ಗುಂಪಿನ ಔಷಧಿಗಳಾದ ಎಪಿರುಬಿಸಿನ್, ಡೌನೊರುಬಿಸಿನ್ ಕೂಡ ಇದೇ ಖಾತೆಗೆ ಸೇರುತ್ತವೆ. ಸುಮ್ನೆ ಕೂಡಿಸಬೇಡಿ, ಡಾಕ್ಸೊರುಬಿಸಿನ್‌ಗೆ ಸಮನಾದ ಡೋಸಿಗೆ ಬದಲಿಸಿಕೊಂಡು ಕೂಡಿಸಿ.

ಸ್ತನ ಕ್ಯಾನ್ಸರ್‌ಗೆ ಕೊಡುವ ಇನ್ನೊಂದು ಔಷಧಿ ಟ್ರಾಸ್ಟುಜುಮಾಬ್, ಅದರ ದಾರಿ ಬೇರೆ. ಅದು ಹೃದಯವನ್ನು ದುರ್ಬಲಗೊಳಿಸಿದರೂ, ನಿಲ್ಲಿಸಿ ಹೃದಯದ ಮಾತ್ರೆ ಕೊಟ್ಟರೆ ಬಹಳಷ್ಟು ಜನ ಚೇತರಿಸಿಕೊಳ್ಳುತ್ತಾರೆ. ಶುರುವಿಗೆ ಮೊದಲು ಒಂದು ಎಕೋ (ಹೃದಯದ ಸ್ಕ್ಯಾನ್), ಆಮೇಲೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ. ಹೃದಯ ರಕ್ತ ಹೊರದೂಡುವ ಪ್ರಮಾಣ 62% ಇದ್ದದ್ದು 48%ಕ್ಕೆ ಇಳಿದಿದ್ದರೆ ತಕ್ಷಣ ಹೃದಯ ತಜ್ಞರಿಗೆ ತಿಳಿಸಬೇಕು. ಮೊದಲನೇ ಎಕೋ ಮಾಡಿಸದಿದ್ದರೆ ಈ ಇಳಿತ ಕಾಣುವುದಾದರೂ ಹೇಗೆ?

ಎಡ ಸ್ತನಕ್ಕೆ ರೇಡಿಯೇಷನ್ ಕೊಡುವಾಗ ಆಳವಾಗಿ ಉಸಿರೆಳೆದು ಹಿಡಿಯಲು ಹೇಳುತ್ತಾರೆ. ಆಗ ಹೃದಯ ಎದೆಗೂಡಿನ ಗೋಡೆಯಿಂದ ದೂರ ಸರಿಯುತ್ತದೆ. ಬಿ.ಪಿ., ಶುಗರ್ ಹತೋಟಿ ಹೇಗೂ ಬೇಕೇ ಬೇಕು.

‘ಕೀಮೋ ಅಲ್ವಾ, ಸುಸ್ತು ಇದ್ದೇ ಇರುತ್ತೆ’ ಅನ್ನುವ ಮಾತಿಗೆ ನಾನು ಹೆದರುತ್ತೇನೆ. ಹೃದಯ ಸೋತರೂ ಸುಸ್ತಾಗುತ್ತದೆ, ಜೊತೆಗೆ ಮಲಗಿದಾಗ ಉಸಿರು ಕಟ್ಟುತ್ತದೆ, ಕಾಲು ಊದುತ್ತದೆ. ಸುಸ್ತು ಅಂದವರನ್ನು ಇನ್ನೆರಡು ಪ್ರಶ್ನೆ ಕೇಳಿ. ರಾತ್ರಿ ಮಲಗಲು ಎಷ್ಟು ದಿಂಬು ಬೇಕು? ಸಂಜೆ ಹೊತ್ತಿಗೆ ಚಪ್ಪಲಿ ಬಿಗಿಯಾಗುತ್ತಾ? ಒಂದು ದಿಂಬು ಮೂರಾಗಿದ್ದರೆ, ಮುಂದಿನ ಡೋಸ್ ಕೊಡುವ ಮೊದಲು ಡಾಕ್ಟರ್ ನೋಡಲಿ.